ಗೃಹಜನ್ಯ ಶಿಬಿರೋಪಕರಣಶಾಸ್ತ್ರ: ಪ್ರಥಮ ಪ್ರಕರಣ

ಗೃಹಸ್ಥಿತ ದ್ರವ್ಯದಿಂದ, ಆಪಣಸಂಬಂಧವಿಲ್ಲದೆ, ಬಯಲಿನಲ್ಲಿ ಒಂದು ರಾತ್ರಿ ಕಳೆಯುವ ಪ್ರಯೋಜನಕ್ಕಾಗಿ ರೂಪಾಂತರಗೊಂಡ ಪದಾರ್ಥವೇ ಗೃಹಜನ್ಯ ಶಿಬಿರೋಪಕರಣ. ‘ಆಪಣಸಂಬಂಧವಿಲ್ಲದೆ’ ಎನ್ನದಿದ್ದರೆ ದುಡ್ಡು ಕೊಟ್ಟು ತಂದ ಡೇರೆಯಲ್ಲಿ ಅತಿವ್ಯಾಪ್ತಿ. ‘ರೂಪಾಂತರಗೊಂಡ’ ಎನ್ನದಿದ್ದರೆ ಕಟ್ಟಿಕೊಂಡು ಹೋದ ಚಪಾತಿಯಲ್ಲಿ ಅತಿವ್ಯಾಪ್ತಿ. ಗೃಹವೆಂದರೆ ಸ್ವಗೃಹ, ಪಕ್ಕದ ಮನೆಯ ಬಟ್ಟೆ ಒಣಹಾಕುವ ಹಗ್ಗ ಅನ್ಯಶಾಸ್ತ್ರದ ವಿಷಯ.

ಶಾಸ್ತ್ರವು ನೂತನವೆಂಬುದು ನಾಮಕರಣದ ಮಟ್ಟಿಗೆ ಮಾತ್ರ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದು ಕೌದಿ ಮಾಡಿದ ಉತ್ತರ ಕರ್ನಾಟಕದ ಅಜ್ಜಿಯರೂ, ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಕೊಪ್ಪೆ ಹಾಕಿಕೊಂಡ ರೈತರೂ ಇದರ ಪೂರ್ವಾಚಾರ್ಯರು. ಅವರು ಪ್ರಯೋಗ ಮಾಡಿದರು, ಪರಿಭಾಷೆ ರಚಿಸಲಿಲ್ಲ.

ದ್ರವ್ಯವು ತ್ರಿವಿಧ: 1. ತ್ಯಕ್ತ, 2. ಅತ್ಯಕ್ತ, 3. ತ್ಯಕ್ತಾತ್ಯಕ್ತ. ಗುಜರಿಯವನ ತಕ್ಕಡಿ ಏರಿದ್ದು ತ್ಯಕ್ತ. ನಿತ್ಯ ಬಳಕೆಯಲ್ಲಿರುವುದು ಅತ್ಯಕ್ತ. ‘ಇರಲಿ, ಯಾವತ್ತಾದರೂ ಬೇಕಾಗುತ್ತೆ’ ಎಂಬ ವಾಕ್ಯದಿಂದ ಸಂಸ್ಕಾರಗೊಂಡು ಅಟ್ಟ ಸೇರಿದ್ದು ತ್ಯಕ್ತಾತ್ಯಕ್ತ. ಶಾಸ್ತ್ರದ ಸಮಸ್ತ ಸಂಪತ್ತೂ ಈ ಮೂರನೆಯದರಲ್ಲಿದೆ, ಸಮಸ್ತ ಅಪಾಯವೂ. ಅಟ್ಟದ ವಸ್ತು ಇಡಿಯಾಗಿರುವವರೆಗೆ ಯಾರೂ ಕೇಳುವುದಿಲ್ಲ. ಕತ್ತರಿ ಬಿದ್ದ ಮರುದಿನ ಕೇಳುತ್ತಾರೆ. ನೈಯಾಯಿಕರ ಚತುರ್ವಿಧ ಅಭಾವಗಳಲ್ಲಿ ಇದು ಪ್ರಧ್ವಂಸಾಭಾವ: ಆದಿಯುಂಟು, ಅಂತ್ಯವಿಲ್ಲ. ಅದನ್ನು ಕುರಿತು ಮನೆಯಲ್ಲಿ ಏಳುವ ಮಾತೂ ಹಾಗೆಯೇ.

ಉಪಕರಣವು ಚತುರ್ವಿಧ: ದೀಪ, ಆಚ್ಛಾದನ, ಶಯ್ಯೆ, ಚುಲ್ಲಿ. ದೀಪದಲ್ಲಿ ಹೇಳುವಂಥದ್ದು ಅಲ್ಪ: ನೀರು ತುಂಬಿದ ಪಾರದರ್ಶಕ ಬಾಟಲಿಗೆ ಟಾರ್ಚು ತಾಗಿಸಿಟ್ಟರೆ ಬೆಳಕು ಸುತ್ತಲೂ ಹರಡುತ್ತದೆ.

ಆಚ್ಛಾದನವು ಜಲವಾರಕ, ಜಲಾನುಮೋದಕ ಎಂದು ದ್ವಿವಿಧ. ಸೀರೆ ಎರಡನೆಯ ವರ್ಗದ್ದು. ಐದೂವರೆ ಮೀಟರಿನ ಅದರ ಉದ್ದವನ್ನು ಜೋಲಿಗೆ ವಿನಿಯೋಗಿಸುವುದು ಯುಕ್ತ. ಜಲವಾರಕಕ್ಕೆ ಶ್ರೇಷ್ಠ ಉದಾಹರಣೆ ಗೃಹಪ್ರವೇಶದ ಹಳೆಯ ಫ್ಲೆಕ್ಸ್. ಪಿವಿಸಿ ಲೇಪದಿಂದ ನೀರು ಇಳಿಯದು. ಮುದ್ರಿತ ಮುಖ ಒಳಗಿರಬೇಕೋ ಹೊರಗಿರಬೇಕೋ ಎಂಬಲ್ಲಿ ಮತಭೇದವಿದೆ. ಒಳಗಿದ್ದರೆ ಮಲಗಿದ ಗೃಹಸ್ಥನು ರಾತ್ರಿಯಿಡೀ ಕೈಮುಗಿದ ತನ್ನನ್ನೇ ನೋಡಬೇಕಾಗುತ್ತದೆ. ಹೊರಗಿದ್ದರೆ ದಾರಿಹೋಕರು ಊಟಕ್ಕೆ ಬರುವ ಸಂಭವವಿದೆ. ನಾನು ಮೊದಲನೆಯ ಪಕ್ಷದವನು.

ಶಯ್ಯಾವಿಚಾರದಲ್ಲಿ ಚಳಿ ಮೇಲಿನಿಂದ ಬರುತ್ತದೆಂಬುದು ಪೂರ್ವಪಕ್ಷ. ಅದು ಅಪೂರ್ಣ. ಶಾಖವನ್ನು ಕಾಯುವುದು ಬಟ್ಟೆಯಲ್ಲ, ಅದರೊಳಗೆ ಸಿಕ್ಕಿಬಿದ್ದ ಗಾಳಿ. ದೇಹಭಾರಕ್ಕೆ ಕೆಳಗಿನ ಹೊದಿಕೆ ಅಮುಕಿ ಗಾಳಿ ಹೊರಟುಹೋಗುವುದರಿಂದ ನೆಲವು ಶಾಖವನ್ನು ಹೀರುತ್ತದೆ. ಆದ್ದರಿಂದ ಅಲೆಯಲೆಯಾದ ನಡುಪದರದಲ್ಲಿ ಗಾಳಿ ಹಿಡಿದಿಡುವ ರಟ್ಟೇ ಪ್ರಶಸ್ತ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಉತ್ತಮಾಧಿಕಾರಿ. ‘ವರ್ಗಾವಣೆಯಾದರೆ ಬೇಕು’ ಎಂಬ ಪ್ರತಿಬಂಧಕ ನಿವೃತ್ತಿಯ ತನಕ ಇರುತ್ತದೆ.

ಚುಲ್ಲಿಯಲ್ಲಿ ಶಾಸ್ತ್ರ ಪರಾಕಾಷ್ಠೆ ಮುಟ್ಟುತ್ತದೆ. ಹಾಲಿನ ಪುಡಿಯ ತಗಡಿನ ಡಬ್ಬಕ್ಕೆ ಮೊಳೆಯಿಂದ ಬುಡದ ಸುತ್ತ ಒಂದು ಸಾಲು, ಕಂಠದ ಸುತ್ತ ಒಂದು ಸಾಲು ರಂಧ್ರ. ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ, ಬುಡದಿಂದ ತಣ್ಣನೆಯ ಗಾಳಿ ನುಗ್ಗುತ್ತದೆ, ಪುಳ್ಳೆ ಚೆನ್ನಾಗಿ ಉರಿಯುತ್ತದೆ. ಸತುವಿನ ಲೇಪವಿದ್ದ ಡಬ್ಬ ವರ್ಜ್ಯ, ಕಾದರೆ ವಿಷಹೊಗೆ. ಅನ್ಯಪಾತ್ರೆಗಳಲ್ಲಿ ದೋಷವೆನಿಸುವ ಛಿದ್ರವು ಇಲ್ಲಿ ಸ್ವರೂಪಲಕ್ಷಣ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದನ್ನು ನಿಷೇಧಿಸುವುದರಿಂದ, ಈ ಚುಲ್ಲಿಗೆ ಮನೆಯ ತಾರಸಿಯೇ ಪ್ರಯೋಗಕ್ಷೇತ್ರ. ಅಲ್ಲಿ ಎರಡು ಲೋಟ ಕಾಫಿ ಸಿದ್ಧವಾಯಿತು. ಅಡುಗೆಮನೆ ಹದಿನಾಲ್ಕು ಮೆಟ್ಟಿಲು ಕೆಳಗಿತ್ತು.

ಶಿಷ್ಟವಾದುದೊಂದು ಸಂಶಯ. ಪ್ರಯೋಗಾನಂತರ ಆ ಡಬ್ಬದಲ್ಲಿ ಮನೆಯವರು ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದಾರೆ. ಬುಡದ ರಂಧ್ರಗಳು ನೀರು ಬಸಿಯಲು ಅನುಕೂಲವಂತೆ. ತ್ಯಕ್ತಾತ್ಯಕ್ತವು ಹೀಗೆ ಅತ್ಯಕ್ತವಾದಲ್ಲಿ ಉಪಕರಣತ್ವ ನಷ್ಟವೋ, ಸುಪ್ತವೋ? ನಷ್ಟವೆಂದರೆ ಇನ್ನೊಂದು ಡಬ್ಬ ಹುಡುಕಬೇಕು. ಸುಪ್ತವೆಂದರೆ ಗಿಡ ಕೀಳಬೇಕು. ಅನುಮತಿಗಾಗಿ ನಿನ್ನೆ ಒಳಗೆ ವಿಚಾರಿಸಿದ್ದೇನೆ.