ಎಂಟಡಿ ಎತ್ತರದ ಸ್ವಿಚ್ಚು: ಒಂದು ಬಹಿರಂಗ ಪತ್ರ

ಇವರಿಗೆ: ನಿಯಮ ಬರೆದವರು, ಅದನ್ನು ಓದದೆ ಸ್ವಿಚ್ ಕೂರಿಸುವವರು, ಕೂರಿಸಿದ ಸ್ವಿಚ್ಚಿನ ಮುಂದೆ ಕಾರು ನಿಲ್ಲಿಸುವವರು
ಸ್ಥಳ: ಪುಟ್ಟೇನಹಳ್ಳಿ, ಜೆ.ಪಿ. ನಗರ 7ನೇ ಹಂತ, ಬೆಂಗಳೂರು
ವಿಷಯ: ಮನೆಯ ಸೋಲಾರ್ ಹಾಗೂ ಬ್ಯಾಟರಿಗೆ ಹೊರಗೋಡೆಯಲ್ಲಿ ಇರಬೇಕಾದ ಐಸೊಲೇಟರ್ ಕುರಿತು



ಹೊರಗೋಡೆಯ ಐಸೊಲೇಟರ್ ಎಂದರೆ ತಾರಸಿಯ ಸೋಲಾರನ್ನು ಬೀದಿಯ ವಿದ್ಯುತ್ ಜಾಲದಿಂದ ಕೈಯಾರೆ ಬೇರ್ಪಡಿಸುವ ಸ್ವಿಚ್ಚು. ಮನೆಯವರೇ ದುಡ್ಡು ಕೊಟ್ಟು, ತಮ್ಮದೇ ಗೋಡೆಗೆ ಹಾಕಿಸಿಕೊಂಡು, ತಾವು ಸಾಮಾನ್ಯವಾಗಿ ಮುಟ್ಟುವ ಪ್ರಮೇಯವೇ ಬಾರದ ಸಾಮಾನು ಇದು. ಇದು ಇರುವುದು ಕಂಬ ಹತ್ತುವ ಪವರ್‌ಮ್ಯಾನ್‌ಗಾಗಿ. ತನಗೆ ಉಪಯೋಗಕ್ಕೆ ಬಾರದ ವಸ್ತುವಿಗೆ ಒಂದು ಮನೆ ಎಷ್ಟು ಮರ್ಯಾದೆ ಕೊಡುತ್ತದೋ ಅಷ್ಟೇ ಮರ್ಯಾದೆ ಈ ಸ್ವಿಚ್ಚಿಗೂ ಸಂದಿದೆ.

1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಅಲ್ಲಿಂದ ನೂರು ವರ್ಷಕ್ಕೂ ಮಿಗಿಲಾಗಿ ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯಿತು: ದೂರದಿಂದ ಬರುವುದು, ಮನೆಯಲ್ಲಿ ಖರ್ಚಾಗುವುದು. ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಕಿತ್ತರೆ ಮುಂದಿನ ತಂತಿಯಲ್ಲಿ ಜೀವವಿಲ್ಲ ಎಂಬುದು ಲೈನಿನ ಕೆಲಸದವರ ಮೊದಲ ಪಾಠ. ತಾರಸಿಗೆ ಪ್ಯಾನೆಲ್ಲೂ ಗೇಟಿನ ಪಕ್ಕಕ್ಕೆ ದ್ವಿಮುಖ ಮೀಟರೂ ಬಂದ ಮೇಲೆ ಆ ಪಾಠ ಹಳತಾಯಿತು. ಈಗ ಪ್ರತಿ ಸೋಲಾರ್ ಮನೆಯೂ ಒಂದು ಪುಟ್ಟ ವಿದ್ಯುತ್ ಸ್ಥಾವರ, ಮನೆಯ ಯಜಮಾನರೇ ಅದರ ಮುಖ್ಯ ಇಂಜಿನಿಯರು.

ಮುಖ್ಯ ಇಂಜಿನಿಯರುಗಳ ನೆನಪಿನ ಶಕ್ತಿ ಮಾತ್ರ ವಿಚಿತ್ರ. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಬ್ಸಿಡಿ ಪಡೆಯದ ತಾರಸಿ ಸೋಲಾರ್‌ಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಗೊತ್ತುಮಾಡಿದ್ದನ್ನು ಆ ಕಾಲದಲ್ಲಿ ಹಾಕಿಸಿಕೊಂಡವರು ಇಂದಿಗೂ ಪೈಸೆ ಸಮೇತ ಹೇಳಬಲ್ಲರು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ ಎಂಬುದು ಹೊಸಬರಿಗೆ ಕಂಠಪಾಠ. ಅದೇ 2013ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಐಸೊಲೇಟರ್ ಕಡ್ಡಾಯ ಎಂದು ನಿಯಮ ಹೊರಡಿಸಿದ್ದು ಮಾತ್ರ ಯಾರ ಕಿವಿಗೂ ಬಿದ್ದಂತಿಲ್ಲ.

ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದಲ್ಲ, ಮತ್ತೆ ಸ್ವಿಚ್ ಯಾಕೆ ಎಂಬುದು ನ್ಯಾಯವಾದ ಪ್ರಶ್ನೆ. ಜಾಲದಲ್ಲಿ ಕರೆಂಟ್ ಹೋದ 2 ಸೆಕೆಂಡಿನೊಳಗೆ ಸೋಲಾರ್ ಇನ್ವರ್ಟರ್ ಬೀದಿಗೆ ವಿದ್ಯುತ್ ಕಳಿಸುವುದನ್ನು ನಿಲ್ಲಿಸಬೇಕು ಎಂದು ಅದೇ ನಿಯಮ ಹೇಳುತ್ತದೆ, ಒಳ್ಳೆಯ ಇನ್ವರ್ಟರ್ ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಅಮೆರಿಕದಲ್ಲಿ ಈ ವಾದಕ್ಕೆ ಬೆಲೆಯೂ ಸಿಕ್ಕಿತು. ಅಲ್ಲಿನ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2008ರಲ್ಲಿ ಒಂದು ವರದಿ ತಂದು, ಸಣ್ಣ ಇನ್ವರ್ಟರುಗಳ ಮನೆಗಳಿಗೆ ಹೊರಗಿನ ಸ್ವಿಚ್ಚು ಹೆಚ್ಚುವರಿ ಎಂಬ ಕಡೆಗೇ ವಾಲಿತು. ಕೆಲವು ವಿದ್ಯುತ್ ಕಂಪನಿಗಳು ಅದನ್ನು ಕೈಬಿಟ್ಟವು. ಆದರೆ ಹನ್ನೆರಡು ವರ್ಷ ಕಳೆಯುವುದರೊಳಗೆ ಅಲ್ಲಿನ ವಿದ್ಯುತ್ ಸಂಹಿತೆ ಒಂದು, ಎರಡು ಸಂಸಾರಗಳ ಮನೆಗಳಿಗೆಲ್ಲ ಹೊರಗಡೆ ತುರ್ತು ಸ್ವಿಚ್ ಇರಲೇಬೇಕು ಎಂದಿತು. ಈ ಸಲ ಕಾರಣ ಕಂಬದವರಲ್ಲ, ಬೆಂಕಿ ಆರಿಸುವವರು. ಕಂಬ ಹತ್ತುವವರ ಪಾಲಿಗೂ ವಾದ ಅಷ್ಟು ಸಲೀಸಲ್ಲ. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ಸ್ ಮಾತು ಉಳಿಸಿಕೊಂಡಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ತೆರೆದುಕೊಂಡ ಸ್ವಿಚ್ಚು ಕಾಣುತ್ತದೆ.

ನಿಯಮದ ಪ್ರಕಾರ ಈ ಸ್ವಿಚ್ಚಿಗೆ ಇರಬೇಕಾದ ಗುಣಗಳು ಮದುವೆ ಗಂಡಿನ ಗುಣಗಳಂತೆ ಒಂದಕ್ಕಿಂತ ಒಂದು ಚೆಂದ, ಎಲ್ಲವೂ ಒಂದೇ ಕಡೆ ಸಿಗುವುದು ಕಷ್ಟ. ಸಂಪರ್ಕ ಕಡಿದಿರುವುದು ಕಣ್ಣಾರೆ ಗೊತ್ತಾಗಬೇಕು. ತೆರೆದಿದೆಯೋ ಮುಚ್ಚಿದೆಯೋ ಗುರುತು ಇರಬೇಕು. ತೆರೆದ ಸ್ಥಿತಿಯಲ್ಲಿ ಬೀಗ ಹಾಕಲು ಬರಬೇಕು. ಮನೆಯವರ ಅನುಮತಿ ಕೇಳದೆ, ದಿನದ ಇಪ್ಪತ್ನಾಲ್ಕು ಗಂಟೆಯೂ, ವಿದ್ಯುತ್ ಕಂಪನಿಯ ಸಿಬ್ಬಂದಿಗೆ ಬೇಗನೆ, ಸಲೀಸಾಗಿ ಕೈಗೆ ಎಟುಕಬೇಕು. ಮತ್ತು ಅದು ನೆಲದಿಂದ ಕನಿಷ್ಠ 2.44 ಮೀಟರ್ ಎತ್ತರದಲ್ಲಿರಬೇಕು.

2.44 ಮೀಟರ್ ಅಂದರೆ ಸರಿಯಾಗಿ ಎಂಟು ಅಡಿ. ಐದೂವರೆ ಅಡಿಯ ಮನುಷ್ಯ ತುದಿಗಾಲಲ್ಲಿ ನಿಂತು ಕೈ ಚಾಚಿದರೂ ಎಂಟಡಿ ಮುಟ್ಟುವುದಿಲ್ಲ. ಬೇಗನೆ, ಸಲೀಸಾಗಿ ಎಟುಕಬೇಕಾದದ್ದನ್ನು ಏಣಿಯಿಲ್ಲದೆ ಎಟುಕದ ಜಾಗದಲ್ಲಿ ಇಡುವ ಈ ಸಾಧನೆಗೆ ಎರಡೇ ಎರಡು ಉಪವಾಕ್ಯಗಳು ಸಾಕಾಗಿವೆ. ಮಕ್ಕಳ ಕೈಗೆ ಸಿಗದಿರಲಿ ಎಂಬ ಸದುದ್ದೇಶ ಇದ್ದಿರಬಹುದು, ಆದರೆ ಮುಚ್ಚಳಕ್ಕೊಂದು ಚಿಲಕ ಇಟ್ಟಿದ್ದರೂ ಆ ಕೆಲಸ ಆಗುತ್ತಿತ್ತು. ಅಮೆರಿಕದ ಸಂಹಿತೆಯಲ್ಲಿ ಸ್ವಿಚ್ಚಿನ ಹಿಡಿ ಸಾಮಾನ್ಯವಾಗಿ 2 ಮೀಟರ್ ದಾಟುವಂತಿಲ್ಲ. ಅವರು ಗರಿಷ್ಠ ಹೇಳಿದರು, ಇಲ್ಲಿ ಕನಿಷ್ಠ ಹೇಳಲಾಯಿತು. ಜೊತೆಗೆ ಇನ್ನೊಂದು ಸಣ್ಣ ಮಾತಿದೆ: ಲೋಡ್ ಹರಿಯುತ್ತಿರುವಾಗಲೇ ಕಡಿಯುವ ಸಾಮರ್ಥ್ಯ ಈ ಸ್ವಿಚ್ಚಿಗೆ ಇರಲೇಬೇಕೆಂದಿಲ್ಲ. ಅಂಥ ಸ್ವಿಚ್ಚನ್ನು ಎಳೆಯುವ ಮೊದಲು ಇನ್ವರ್ಟರನ್ನು ನಿಲ್ಲಿಸಬೇಕು. ಇನ್ವರ್ಟರ್ ಇರುವುದು ಮನೆಯೊಳಗೆ, ಮನೆಗೆ ಬೀಗ.

ಇಷ್ಟು ನಿಯಮದ ಕಥೆ. ಪುಟ್ಟೇನಹಳ್ಳಿಯ ಗೋಡೆಯದು ಬೇರೆ ಕಥೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಎದ್ದ ಮೇಲೆ ಹೊರಗೋಡೆ ಎಂದು ಉಳಿಯುವುದು ರಸ್ತೆಯ ಕಡೆಯ ಒಂದು ಮುಖ. ಅದು ‘ಎಲಿವೇಷನ್’. ಗ್ರಾನೈಟ್ ಹೊದಿಸಿದ ಎಲಿವೇಷನ್ ಮೇಲೆ ಕೆಂಪು ಹಿಡಿಯ ಡಬ್ಬ ಬರುವುದನ್ನು ಆರ್ಕಿಟೆಕ್ಟ್ ಒಪ್ಪುವುದಿಲ್ಲ. ಪಕ್ಕದ ಸೆಟ್‌ಬ್ಯಾಕ್‌ನಲ್ಲಿ ಹಾಕೋಣವೆಂದರೆ ಅಲ್ಲಿ ವಾಷಿಂಗ್ ಮೆಷಿನ್, ಸಂಪಿನ ಮೋಟರ್ ಮತ್ತು ಪಕ್ಕದ ಮನೆಯವರ ತಕರಾರು. ಕೊನೆಗೆ ಸ್ವಿಚ್ಚು ಗ್ರಿಲ್ಲಿನ ಒಳಗೆ, ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಹಿಂದೆ ನೆಲೆ ಕಾಣುತ್ತದೆ. ಕಡತಕ್ಕೆ ಬೇಕಾದ ಫೋಟೋದಲ್ಲಿ ಗ್ರಿಲ್ಲು ಬೀಳದಂತೆ ಮೊಬೈಲ್ ಹಿಡಿಯುವ ಕಲೆ ಸೋಲಾರ್ ಹಾಕುವ ಹುಡುಗರಿಗೆ ಚೆನ್ನಾಗಿ ಒಲಿದಿದೆ.

ಅಪಾರ್ಟ್‌ಮೆಂಟುಗಳಲ್ಲಿ ಸ್ವಿಚ್ಚಿಗೆ ಹೆಚ್ಚಿನ ಭದ್ರತೆ. ಅದು ಬೇಸ್‌ಮೆಂಟಿನ ಮೀಟರ್ ರೂಮಿನಲ್ಲಿ, ಮೀಟರ್ ರೂಮಿನ ಕೀಲಿ ಸಂಘದ ಕಾರ್ಯದರ್ಶಿಯ ಬಳಿ, ಕಾರ್ಯದರ್ಶಿಗಳು ವಾರಾಂತ್ಯಕ್ಕೆ ಸಕಲೇಶಪುರದಲ್ಲಿ. ಕಂಬದ ಮೇಲೆ ಕೊಂಬೆ ಬೀಳುವ ಜೋರು ಮಳೆಯ ದಿನವೇ ಬೇಸ್‌ಮೆಂಟಿಗೂ ನೀರು ನುಗ್ಗುವುದರಿಂದ, ಕೀಲಿ ಸಿಕ್ಕರೂ ಮುಂದಿನ ಪ್ರಯಾಣಕ್ಕೆ ದೋಣಿ ಬೇಕು.

ಹಿಂದೆ ಬೆಂಗಳೂರಿನ ಬಾಗಿಲುಗಳ ಮೇಲೆ ದೆವ್ವಕ್ಕೆಂದು ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಈಗ ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಇದೆ, ‘ನೋ ಪಾರ್ಕಿಂಗ್’ ಇದೆ. ‘ಇಲ್ಲಿ ಎರಡು ಕಡೆಯಿಂದ ಕರೆಂಟ್ ಬರುತ್ತದೆ’ ಎಂಬ ಫಲಕ ಮಾತ್ರ ಹುಡುಕಿದರೂ ಸಿಗುವುದು ಅಪರೂಪ. ಸಿಕ್ಕರೂ ಅದು ಇಂಗ್ಲಿಷಿನಲ್ಲಿರುತ್ತದೆ, ಕಂಬ ಹತ್ತುವವರೆಲ್ಲ ಪದವೀಧರರೆಂಬ ಗೌರವದಿಂದ.

ಸ್ವಿಚ್ಚಿನ ಅಧಿಕಾರ ವ್ಯಾಪ್ತಿಯ ಬಗ್ಗೆಯೂ ತಪ್ಪು ತಿಳಿವಳಿಕೆ ಬಲವಾಗಿದೆ. ಹೊರಗೋಡೆಯ ಐಸೊಲೇಟರ್ ಎಳೆದರೆ ಬೀದಿ ಸುರಕ್ಷಿತ, ತಾರಸಿ ಅಲ್ಲ. ಬಿಸಿಲು ಇರುವಷ್ಟು ಹೊತ್ತು ಪ್ಯಾನೆಲ್‌ಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಸುಮಾರು 400 ವೋಲ್ಟ್, ಅದೂ ಡಿಸಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಹಾರಿದರೂ ಬೇಗ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ, ಒಮ್ಮೆ ಹತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ. ಬೆಂಕಿ ಬಿದ್ದ ತಾರಸಿಗೆ ನೀರಿನ ಪೈಪ್ ಹಿಡಿದು ಹತ್ತುವವರಿಗೆ ಇದು ತಿಳಿದಿರಬೇಕಾದ ಸಂಗತಿ. ಅಮೆರಿಕದ 2017ರ ಸಂಹಿತೆ, ಸ್ವಿಚ್ ಒತ್ತಿದ 30 ಸೆಕೆಂಡಿನೊಳಗೆ ಪ್ಯಾನೆಲ್‌ಗಳ ನಡುವೆಯೂ ವೋಲ್ಟೇಜ್ 80ಕ್ಕೆ ಇಳಿಯಬೇಕೆಂಬ ದಾರಿ ತೋರಿಸಿದ್ದು ಇದಕ್ಕಾಗಿಯೇ.

ಬ್ಯಾಟರಿ ಬಂದ ಮೇಲೆ ನಾಟಕ ಇನ್ನೂ ರಂಗೇರಿದೆ. 2013ರಲ್ಲಿ ‘ಇಪ್ಪತ್ನಾಲ್ಕು ಗಂಟೆಯೂ’ ಎಂಬ ಮಾತು ಅತಿಯೆನಿಸುತ್ತಿತ್ತು, ರಾತ್ರಿ ಪ್ಯಾನೆಲ್ ಮಲಗಿರುತ್ತದಲ್ಲ. ಮೆಟ್ಟಿಲ ಕೆಳಗೆ ಲಿಥಿಯಂ ಬ್ಯಾಟರಿ, ಗೋಡೆಗೆ ಹೈಬ್ರಿಡ್ ಇನ್ವರ್ಟರ್ ಬಂದ ಮನೆಗೆ ಈಗ ರಾತ್ರಿಯಿಲ್ಲ. ಹೊರಗಿನವರು ಬಂದು ಸ್ವಿಚ್ ಎಳೆದರೆ ಇನ್ವರ್ಟರ್ ಅದನ್ನು ಕರೆಂಟ್ ಹೋಯಿತೆಂದು ತಿಳಿದು, ಕಣ್ಣು ಮಿಟುಕಿಸುವುದರೊಳಗೆ ಬ್ಯಾಟರಿಯಿಂದ ದೀಪ ಹೊತ್ತಿಸಿ ತನ್ನ ಸ್ವಾಮಿನಿಷ್ಠೆ ಮೆರೆಯುತ್ತದೆ. ಮಾಲೀಕರು ಹಣ ಕೊಟ್ಟದ್ದೇ ಅದಕ್ಕೆ. ಬೆಂಕಿ ಆರಿಸಲು ಬಂದವರಿಗೆ ಮಾತ್ರ ಸ್ವಿಚ್ ಕೆಲಸ ಮಾಡಿತೋ ಇಲ್ಲವೋ ಎಂಬುದೇ ತಿಳಿಯದು. ಆದ್ದರಿಂದ ಬೀದಿಯಿಂದ ಬೇರ್ಪಡಿಸುವ ಸ್ವಿಚ್ಚು ಬೇರೆ, ಬ್ಯಾಟರಿಯನ್ನೂ ಸೇರಿಸಿ ಮನೆಯನ್ನೇ ನಿಲ್ಲಿಸುವ ತುರ್ತು ಸ್ವಿಚ್ಚು ಬೇರೆ. ಎರಡೂ ಹೊರಗಿರಬೇಕು.

ಖರ್ಚಿನ ನೆಪಕ್ಕೆ ಇಲ್ಲಿ ಜಾಗವಿಲ್ಲ. ಸಾವಿರಗಳಲ್ಲಿ ಮುಗಿಯುವ ಸ್ವಿಚ್ಚನ್ನು ಲಕ್ಷಗಳ ಸೋಲಾರಿನಲ್ಲಿ ಉಳಿತಾಯವೆಂದು ತೋರಿಸುವ ಕೊಟೇಷನ್ ಅಗ್ಗದ್ದಲ್ಲ. ಅದರ ಬಾಕಿಯನ್ನು ಬೇರೆಯವರು ತೀರಿಸುತ್ತಾರೆ.

ಈ ಕಾರಣಗಳಿಂದ ಕೋರಿಕೆ ಹೀಗಿದೆ. ನಿಯಮ ಬರೆದವರು ಎಂಟಡಿಯನ್ನು ಎದೆಮಟ್ಟಕ್ಕೆ ಇಳಿಸಲಿ, ಬ್ಯಾಟರಿಯ ತುರ್ತು ಸ್ವಿಚ್ಚನ್ನು ಹೆಸರು ಹೇಳಿಯೇ ಬರೆಯಲಿ. ಸ್ವಿಚ್ ಕೂರಿಸುವವರು ಅದನ್ನು ಮೀಟರ್ ಬೋರ್ಡಿನ ಪಕ್ಕ, ಗೇಟಿನ ಬೀಗ ಅಡ್ಡ ಬಾರದ ಕಡೆ ಕೂರಿಸಿ, ದಪ್ಪ ಕನ್ನಡ ಅಕ್ಷರದ ಫಲಕ ಹಾಕಲಿ. ಪುಟ್ಟೇನಹಳ್ಳಿಯ ಸೋಲಾರ್ ಮನೆಗಳವರು ಇವರಿಬ್ಬರಿಗಾಗಿ ಕಾಯಬೇಕಿಲ್ಲ: ಗೇಟಿನ ಹೊರಗೆ ನಿಂತು ಸ್ವಿಚ್ಚು ಕಾಣುತ್ತದೆಯೇ ನೋಡಲಿ, ಕಾಣದಿದ್ದರೆ ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ಹೊರಗೆ ತರಿಸಲಿ.