ಆಟಿಯ ಶೂರ

ನಾವಿರುವುದು ಮೂಡುಬಿದಿರೆಯಲ್ಲಿ, ಹೆಂಡತಿಯ ತವರು ಬಂಟ್ವಾಳ, ಅಕ್ಕನನ್ನು ಕೊಟ್ಟದ್ದು ಬೆಳ್ತಂಗಡಿಗೆ. ಹಾಗಾಗಿ ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ ಹತ್ತಿರ ಬಂತೆಂದರೆ ಪಾಲೆ ಕಷಾಯದ ಬಗ್ಗೆ ಮೂರು ತಾಲೂಕುಗಳ ಅಪ್ಪಣೆ ನನ್ನೊಬ್ಬನ ತಲೆಗೆ. ಅತ್ತೆಯವರಿಗೆ ಓಮ, ಬೆಳ್ಳುಳ್ಳಿ ಮುಂದಾಗಬೇಕು, ಅಕ್ಕನಿಗೆ ಕಾಳುಮೆಣಸು. ಕೆಂಪಗೆ ಕಾಯಿಸಿದ ಬೊಳ್ಳುಕಲ್ಲು ಎಂಬ ಬಿಳಿ ಕಲ್ಲನ್ನು ರಸಕ್ಕೆ ಹಾಕಿ ಚುಂಯ್ ಅನ್ನಿಸಬೇಕೆಂಬುದರಲ್ಲಿ ಮಾತ್ರ ಎಲ್ಲರೂ ಒಂದೇ ಪಕ್ಷ.

ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರುವುದು ಗಂಡಸಿನ ಕೆಲಸವಂತೆ. ಸೂರ್ಯ ಹುಟ್ಟುವ ಮೊದಲೇ ಹೋಗಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು.

“ಮೊದಲಿನವರು ಮೈಮೇಲೆ ಬಟ್ಟೆ ಇಲ್ಲದೆ ಹೋಗ್ತಿದ್ರು ಮಗಾ” ಎಂದರು ಅಮ್ಮ.

ಪಕ್ಕದ ಮನೆಯ ಕ್ಯಾಮೆರಾ ನೋಡುವುದು ಸರಿಯಾಗಿ ಆ ಮರದ ಬುಡವನ್ನೇ. ಪರಂಪರೆಯ ಮೇಲೆ ನನಗೆ ಭರವಸೆ ಉಂಟು, ನನ್ನ ಹೊಟ್ಟೆಯ ಮೇಲೆ ಅಷ್ಟಿಲ್ಲ. ಲುಂಗಿ, ರೇನ್‌ಕೋಟು, ಮಂಗನಟೊಪ್ಪಿ ಸಮೇತ ಹೊರಟೆ.

ಧೈರ್ಯದ ಮಾತು ಬೇಡ. ಕತ್ತಲಲ್ಲಿ ಪಾಲೆಯೆಂದು ಕಾಸರಕದ ಕೆತ್ತೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ. ಮನೆಮಂದಿಯೆಲ್ಲ ಒಟ್ಟಿಗೇ ಮುಗಿದೆವು. ಅದಕ್ಕೇ ಹಿಂದಿನ ದಿನ ಹಗಲಲ್ಲೇ ನೋಡಿಟ್ಟಿದ್ದೆ: ಒಂದೇ ಗೆಣ್ಣಿನಲ್ಲಿ ಸುತ್ತಲೂ ಏಳೇಳು ಎಲೆ, ಗಾಯ ಮಾಡಿದರೆ ಬಿಳಿ ಹಾಲು. ಗುರುತಿಗೆ ಕೆಂಪು ನೂಲನ್ನೂ ಕಟ್ಟಿದ್ದೆ.

“ನೂಲು ಎಂತಕ್ಕೆ ಮಾರಾಯ್ರೆ, ಮರ ಓಡಿಹೋಗ್ತದಾ?” ಎಂದಳು ಹೆಂಡತಿ.

ಪಾಲೆ ಮರದ ಹಲಗೆಯಲ್ಲಿ ಹಿಂದೆ ಮಕ್ಕಳ ಬರೆಯುವ ಪಾಟಿ ಮಾಡುತ್ತಿದ್ದರು. ಸಸ್ಯಶಾಸ್ತ್ರದವರು ಅದನ್ನು ‘ಆಲ್‌ಸ್ಟೋನಿಯಾ ಸ್ಕಾಲರಿಸ್’ ಎಂದದ್ದು ಅದಕ್ಕೇ. ಶಾಂತಿನಿಕೇತನದಲ್ಲಿ ಪದವಿ ಪಡೆದವರ ಕೈಗೆ ಹಿಂದೆ ಕೊಡುತ್ತಿದ್ದದ್ದು ಇದರದ್ದೇ ಎಲೆ. ಅಲ್ಲಿ ಓದಿದವರಿಗೆ ಎಲೆ, ನಮ್ಮಲ್ಲಿ ಓದದವರಿಗೂ ಕೆತ್ತೆ.

ಖಾಲಿ ಹೊಟ್ಟೆಗೆ ಈ ಕೆತ್ತೆಯ ಕಷಾಯ ಕುಡಿದವರಿಗೆ ವರ್ಷವಿಡೀ ರೋಗ ಹತ್ತಿರ ಸುಳಿಯದೆಂದು ಅಮ್ಮನ ನಂಬಿಕೆ. ಮಗಳು ಗಟಗಟ ಕುಡಿದು ಲೋಟ ಬೋರಲು ಹಾಕಿದಳು. ನಾನು “ಸ್ವಲ್ಪ ಆರಲಿ” ಎಂದೆ. ಆರಿದ ಮೇಲೆ “ಕೆಳಗೆ ಚರಟ ಉಂಟು” ಎಂದೆ. ಕೊನೆಗೆ ಮಳೆ ನೋಡುವ ನೆಪದಲ್ಲಿ ಲೋಟ ಹಿಡಿದು ಹಿತ್ತಲಿಗೆ ಹೋಗಿ, ಬಾಯಿ ಒರೆಸಿಕೊಳ್ಳುತ್ತಾ ಬಂದೆ.

ಕಷಾಯ ಉಷ್ಣ, ಅದಕ್ಕೆ ತಂಪಾಗಲೆಂದು ಮೇಲಿಂದ ಮೆಂತೆ ಗಂಜಿ. ಕುಚ್ಚಲಕ್ಕಿ, ಮೆಂತೆ, ತೆಂಗಿನ ಹಾಲು, ಬೆಲ್ಲ. ನಾನು ಎರಡನೇ ಬಟ್ಟಲಿಗೆ ಕೈ ಚಾಚಿದಾಗ ಅಮ್ಮ, “ಪಾಪ, ಅವನಿಗೆ ಉಷ್ಣ ಜಾಸ್ತಿ ಆಗಿದೆ” ಎಂದು ತುಂಬಾ ಬಡಿಸಿದರು.

ಚೌತಿಯ ಹೊತ್ತಿಗೆ ನಾನು ಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಹಿತ್ತಲಿಗೆ ಹೋಗಿ ಬಂದ ಹೆಂಡತಿ ಹಣೆ ಮುಟ್ಟಿ ನೋಡಿ ಅಂದಳು:

“ಈ ವರ್ಷ ತೋಟದ ಬಾಳೆಗೆಲ್ಲ ರೋಗ ಬಂತು. ಬಾಗಿಲ ಹತ್ತಿರದ್ದೊಂದು ಮಾತ್ರ ಭಾರೀ ಸೊಂಪಾಗಿ ಉಂಟು ಮಾರಾಯ್ರೆ.”