ಮಾವನಿಗೆ ಅರವತ್ತೇಳು ತುಂಬಿತು

ಸರ್ಕಾರಿ ಧಾಟಿಯ ಕಾಗದಗಳಲ್ಲಿ ಮೊದಲ ಮೂರು ಸಾಲು ಏನೂ ಆಗುವುದಿಲ್ಲ. ವಿಷಯ, ಉಲ್ಲೇಖ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಮುಗಿಯುತ್ತದೆ. ನಮ್ಮ ಸೋದರತ್ತೆಗೆ ಬ್ಯಾಂಕಿನಿಂದ ಬಂದ ಕಾಗದದಲ್ಲೂ ಬಾಂಬು ಇದ್ದದ್ದು ನಾಲ್ಕನೇ ಸಾಲಿನಲ್ಲಿ: ಕುಟುಂಬ ಪಿಂಚಣಿಯಲ್ಲಿ ಮೂರು ಲಕ್ಷ ರೂಪಾಯಿ ಹೆಚ್ಚುವರಿ ಪಾವತಿಯಾಗಿದ್ದು, ಕೂಡಲೇ ಹಿಂದಿರುಗಿಸತಕ್ಕದ್ದು.

"ಯಾರು ತಿಂದ್ರಂತೋ?" ಎಂದರು ಅತ್ತೆ.

"ನೀವೇ ಅಂತೆ ಅತ್ತೆ."

"ನಾನಾ? ರಾತ್ರಿ ಊಟಾನೇ ಬಿಟ್ಟಿದೀನಲ್ಲೋ!"

ವಿಚಾರಿಸಿದಾಗ ತಿಳಿದ ಲೆಕ್ಕ ಸ್ವಾರಸ್ಯವಾಗಿತ್ತು. ಕೇಂದ್ರ ಸರ್ಕಾರದ ನೌಕರ ನಿವೃತ್ತನಾದ ಮೇಲೆ ತೀರಿಕೊಂಡರೆ ಹೆಂಡತಿಗೆ ಮೊದಲು ವರ್ಧಿತ ದರದ ಪಿಂಚಣಿ, ಅಂದರೆ ಕೊನೆಯ ಮೂಲವೇತನದ ಶೇ. 50. ಅದು ಏಳು ವರ್ಷ, ಇಲ್ಲವೇ ಹೋದವರು ಇದ್ದಿದ್ದರೆ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ; ಯಾವುದು ಮೊದಲೋ ಅದು. ಆಮೇಲೆ ಶೇ. 30. ಮಾವ ಹೋದದ್ದು 63ಕ್ಕೆ. ಬದುಕಿದ್ದಾಗ ಒಮ್ಮೆಯೂ ಹುಟ್ಟುಹಬ್ಬ ಮಾಡಿಕೊಳ್ಳದ ಆ ಮನುಷ್ಯನಿಗೆ ಸತ್ತ ಮೇಲೆ ಸರ್ಕಾರ ವರ್ಷಾವರ್ಷ ವಯಸ್ಸು ಏರಿಸುತ್ತಾ ಬಂದಿತ್ತು. 67 ತುಂಬಿದ ದಿನ ಅತ್ತೆಯ ಇಪ್ಪತ್ತು ಸಾವಿರ ಹನ್ನೆರಡಕ್ಕೆ ಇಳಿಯಬೇಕಿತ್ತು. ಆ ತಾರೀಖು ಪಿಂಚಣಿ ಆದೇಶದಲ್ಲೇ ಅಚ್ಚಾಗಿತ್ತು. ಬ್ಯಾಂಕಿನ ಕಂಪ್ಯೂಟರ್ ಮರೆತೇಬಿಟ್ಟಿತು. ಎಂಟು ಸಾವಿರ, ಅದರ ಮೇಲೆ ತುಟ್ಟಿಭತ್ಯೆ, ಹೀಗೆ ಎರಡು ವರ್ಷಕ್ಕೂ ಮೇಲೆ ಬಂದದ್ದು ಮಾತ್ರೆ, ಮೊಮ್ಮಗನ ಉಪನಯನ, ತಿಂಗಳ ಚೀಟಿ ಎಂದು ಸದ್ದಿಲ್ಲದೆ ಕರಗಿತ್ತು.

ನನಗೆ ಉರಿದದ್ದು ಬೇರೆ ಕಾರಣಕ್ಕೆ. ಇದೇ ಬ್ಯಾಂಕು ಪ್ರತಿ ನವೆಂಬರಿನಲ್ಲಿ ಅತ್ತೆ ಬದುಕಿದ್ದಾರೆಯೇ ಎಂದು ಖಾತರಿ ಮಾಡಿಕೊಳ್ಳುತ್ತದೆ. ಎದುರಿಗೆ ಕೂತು ಉಸಿರಾಡಿದರೆ ಸಾಲದು, ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಬೇಕು. ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದ ಹೆಬ್ಬೆಟ್ಟು. ಕೆಂಪು ದೀಪ ಹತ್ತುತ್ತದೆ. "ಸೆರಗಲ್ಲಿ ಒರೆಸಿ ಇಡೀಮ್ಮ", "ಇನ್ನೊಂದು ಬೆರಳು", "ಇನ್ನೂ ಸ್ವಲ್ಪ ಒತ್ತಿ." ಉಂಗುರದ ಬೆರಳಿಗೆ ಹಸಿರು ಬಂದಾಗ ಅತ್ತೆ ಅಧಿಕೃತವಾಗಿ ಜೀವಂತ. ಬದುಕಿರುವವರ ಮೇಲೆ ಇಷ್ಟು ಅನುಮಾನ ಪಡುವವರು ಸತ್ತವರ ಹುಟ್ಟಿದ ದಿನವನ್ನು ನೆನಪಿಟ್ಟುಕೊಳ್ಳಬಾರದಿತ್ತೇ?

ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಧೈರ್ಯ ತುಂಬಿದರು. 2014ರಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಳದರ್ಜೆಯ ನೌಕರರಿಂದ, ನಿವೃತ್ತರಿಂದ ಹೀಗೆ ವಸೂಲಿ ಮಾಡಬಾರದು ಎಂದಿದೆಯಂತೆ. ಅದನ್ನೇ ಹಿಡಿದು ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಕೇಳಿಸಿಕೊಂಡು, ಕಡತದಿಂದ ಒಂದು ಹಾಳೆ ಹೊರಗೆಳೆದರು. 'ಹೆಚ್ಚಿಗೆ ಜಮೆಯಾದ ಹಣವನ್ನು ಹಿಂದಿರುಗಿಸುತ್ತೇನೆ' ಎಂಬ ಮುಚ್ಚಳಿಕೆ. ಕೆಳಗೆ ಅತ್ತೆಯ ಸಹಿ. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲಿ, ಎಲ್ಲಿ ಇಂಟು ಗುರುತು ಹಾಕಿ ಕೊಟ್ಟಿದ್ದರೋ ಅಲ್ಲೆಲ್ಲ ಹಾಕಿದ್ದು. ಅಂಥ ಮುಚ್ಚಳಿಕೆ ಬರೆದುಕೊಟ್ಟ ನ್ಯಾಯಾಧೀಶರೊಬ್ಬರಿಂದಲೇ ವಸೂಲಿ ಮಾಡಬಹುದೆಂದು ಅದೇ ಕೋರ್ಟು 2016ರಲ್ಲಿ ಹೇಳಿತ್ತು. ಹೆಡ್‌ಮಾಸ್ತರರು ಅಷ್ಟು ದೂರ ಓದಿರಲಿಲ್ಲ.

ಇನ್ನು ಚೌಕಾಸಿಯೊಂದೇ ಉಳಿದ ದಾರಿ. ತರಕಾರಿ ಗಾಡಿಯ ಮುಂದೆ ಪಳಗಿದ ಅತ್ತೆಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮ್ಯಾನೇಜರ್ ಹತ್ತು ಸಾವಿರದಿಂದ ಶುರುಮಾಡಿ, ತಿಂಗಳಿಗೆ ನಾಲ್ಕು ಸಾವಿರದ ಕಂತಿಗೆ ಇಳಿದರು. ಬಡ್ಡಿ ಇಲ್ಲ ಎಂದು ಕಾಗದದಲ್ಲಿ ಬರೆಸಿಕೊಂಡೆವು.

"ಎಷ್ಟು ದಿವಸಕ್ಕೆ ತೀರುತ್ತಪ್ಪ?" ಅತ್ತೆ ಕೇಳಿದರು.

"ಆರು ವರ್ಷ, ಮೂರು ತಿಂಗಳಮ್ಮ."

"ಅಲ್ಲೀತನಕ ನಾನಿರಬೇಕಲ್ಲ?"

"ಇರ್ಬೇಕಮ್ಮ, ಖಂಡಿತ ಇರ್ಬೇಕು," ಎಂದರು ಮ್ಯಾನೇಜರ್, ನಿಜವಾದ ಕಳಕಳಿಯಿಂದ.

"ಹಾಗಿದ್ರೆ ಈ ನವೆಂಬರಿಂದ ನಾನು ಬರೋಲ್ಲ. ನೀವೇ ಮನೆಗೆ ಬಂದು ನೋಡ್ಕೊಂಡು ಹೋಗಿ. ಬರುವಾಗ ಮಂಡಿನೋವಿನ ಮಾತ್ರೇನೂ ತನ್ನಿ."